ದೇಹದೊಳಗಿನ ಡಾರ್ವಿನ್

ಜೀವವಿಕಾಸಕ್ಕೆ ಲಕ್ಷಾಂತರ ವರ್ಷ ಬೇಕೆಂದು ತರಗತಿಯಲ್ಲಿ ನಿಮಗೆ ಬೋಧಿಸಿದ್ದೆ. ಆ ಪಾಠವನ್ನಿಂದು ತಿದ್ದಬೇಕಾಗಿದೆ.

1960ರಲ್ಲಿ ಫಿಲಡೆಲ್ಫಿಯಾದ ಪೀಟರ್ ನೋವೆಲ್ ಹಾಗೂ ಡೇವಿಡ್ ಹಂಗರ್‌ಫರ್ಡ್, ಒಂದು ಬಗೆಯ ರಕ್ತದ ಕ್ಯಾನ್ಸರಿನ ಜೀವಕೋಶಗಳಲ್ಲಿ ಅಸಹಜವಾಗಿ ಗಿಡ್ಡವಾದ ವರ್ಣತಂತುವೊಂದನ್ನು ಕಂಡರು. ರೋಗದ ಕೋಶಗಳಲ್ಲೆಲ್ಲ ಅದೇ ಗುರುತು. ಎಂದರೆ ಅವು ಒಂದೇ ಕೋಶದ ಸಂತತಿ. 9 ಮತ್ತು 22ನೆಯ ವರ್ಣತಂತುಗಳು ತುಂಡುಗಳನ್ನು ಅದಲುಬದಲು ಮಾಡಿಕೊಂಡಿರುವುದನ್ನು 1973ರಲ್ಲಿ ಜಾನೆಟ್ ರೌಲಿ ತೋರಿಸಿದರು. 1976ರಲ್ಲಿ ನೋವೆಲ್ ಇನ್ನೂ ಮುಂದೆ ಹೋದರು: ಆ ಸಂತತಿಯಲ್ಲಿ ಹೊಸ ಮಾರ್ಪಾಡುಗಳು ಹುಟ್ಟುತ್ತವೆ, ಬದುಕಬಲ್ಲವು ಉಳಿದು ಬೆಳೆಯುತ್ತವೆ.

2001ರಲ್ಲಿ ಆ ದೋಷವನ್ನೇ ಗುರಿಯಾಗಿಸಿದ ಇಮ್ಯಾಟಿನಿಬ್ ಔಷಧಿ ಬಂದಿತು. ಬಹುಜನರ ಆಯುಷ್ಯ ಬೆಳೆಯಿತು. ಆದರೆ ಕೆಲವರಲ್ಲಿ ಮದ್ದಿಗೆ ಬಗ್ಗದ ಕೋಶಗಳು ತಲೆಯೆತ್ತಿದವು. ಅದು ರೋಗಿಯ ಪಾಪವಲ್ಲ, ವೈದ್ಯರ ಅಲಕ್ಷ್ಯವೂ ಅಲ್ಲ. ನಾನು ಕಪ್ಪುಹಲಗೆಯ ಮೇಲೆ ಬರೆದ ಅದೇ ನಿಯಮ.