ರೈತರ ಸರಕು ವಾಹನ ಹಾಗೂ ಟ್ರ್ಯಾಕ್ಟರ್‌ಗಳ ಅರ್ಹತಾ ಪರೀಕ್ಷೆ: ಹೇರೋಹಳ್ಳಿ–ಮಾಗಡಿ ರಸ್ತೆ ಭಾಗದ ರೈತರಿಗೆ ಮಾರ್ಗದರ್ಶಿ

ಪೀಠಿಕೆ

ಹೇರೋಹಳ್ಳಿ, ಬ್ಯಾಡರಹಳ್ಳಿ, ತಾವರೆಕೆರೆ ಹಾಗೂ ಮಾಗಡಿ ಭಾಗದ ರೈತರು ಬೆಳೆದ ಸೊಪ್ಪು, ತರಕಾರಿ, ಹೂವು ಮತ್ತು ಅವರೆಕಾಯಿ ಮಾಗಡಿ ರಸ್ತೆಯ ಮೂಲಕ ಬೆಂಗಳೂರಿನ ಮಾರುಕಟ್ಟೆಗಳನ್ನು ಸೇರುತ್ತವೆ. ಈ ಸಾಗಾಣಿಕೆಯ ಬಹುಪಾಲು ನಡೆಯುವುದು ಸಣ್ಣ ಸರಕು ವಾಹನ, ಮೂರು ಚಕ್ರದ ಸರಕು ಆಟೊ ಮತ್ತು ಟ್ರ್ಯಾಕ್ಟರ್–ಟ್ರೇಲರ್‌ಗಳಲ್ಲಿ. ಬೆಳೆಯ ಪೋಷಣೆಗೆ ನೀಡುವಷ್ಟೇ ಗಮನವನ್ನು ಅದನ್ನು ಹೊತ್ತೊಯ್ಯುವ ವಾಹನಕ್ಕೂ ನೀಡುವುದು ಅವಶ್ಯ. ಬೆಳಗಿನ ಜಾವ ಕೊಯ್ದ ಸೊಪ್ಪು ತಪಾಸಣೆಯಲ್ಲಿ ತಡೆಹಿಡಿದ ವಾಹನದಲ್ಲಿ ಮಧ್ಯಾಹ್ನದವರೆಗೆ ಉಳಿದರೆ ಅದಕ್ಕೆ ಬೆಲೆ ಇರುವುದಿಲ್ಲ. ಬ್ರೇಕ್ ಹಿಡಿಯದ ಟ್ರೇಲರ್‌ನಿಂದ ಆಗುವ ನಷ್ಟವನ್ನಂತೂ ಯಾವ ಬೆಳೆಯ ಲಾಭವೂ ತುಂಬಿಕೊಡಲಾರದು.

ಯಾವ ವಾಹನಕ್ಕೆ ಅರ್ಹತಾ ಪತ್ರ ಬೇಕು, ಅದನ್ನು ಎಲ್ಲಿ ಪಡೆಯಬೇಕು, ಪರೀಕ್ಷೆಗೆ ಮುನ್ನ ಮನೆಯಲ್ಲೇ ಏನನ್ನು ಸರಿಪಡಿಸಿಕೊಳ್ಳಬೇಕು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಅರ್ಹತಾ ಪತ್ರ ಎಂದರೇನು?

ವಾಹನವು ರಸ್ತೆಯಲ್ಲಿ ಸಂಚರಿಸಲು ಯೋಗ್ಯವಾಗಿದೆ ಎಂದು ತಪಾಸಣೆಯ ನಂತರ ನೀಡುವ ದಾಖಲೆಯೇ ಅರ್ಹತಾ ಪತ್ರ. ಆಡುಮಾತಿನಲ್ಲಿ ಇದನ್ನು ‘ಎಫ್‌ಸಿ’ ಎನ್ನಲಾಗುತ್ತದೆ. ಇದನ್ನು ನಮೂನೆ 38ರಲ್ಲಿ ನೀಡಲಾಗುತ್ತದೆ. ಮೋಟಾರು ವಾಹನಗಳ ಕಾಯ್ದೆ, 1988ರ 56ನೇ ಕಲಮಿನ ಪ್ರಕಾರ, ಚಾಲ್ತಿಯಲ್ಲಿರುವ ಅರ್ಹತಾ ಪತ್ರವಿಲ್ಲದ ಸಾರಿಗೆ ವಾಹನವನ್ನು ಕ್ರಮಬದ್ಧವಾಗಿ ನೋಂದಣಿಯಾದ ವಾಹನವೆಂದು ಪರಿಗಣಿಸುವುದಿಲ್ಲ. ಅಂದರೆ, ಕೈಯಲ್ಲಿ ಆರ್‌ಸಿ ಇದ್ದರೂ ಎಫ್‌ಸಿ ಮುಗಿದಿದ್ದರೆ ಕಾನೂನಿನ ದೃಷ್ಟಿಯಲ್ಲಿ ಅದು ನೋಂದಣಿಯಿಲ್ಲದ ವಾಹನಕ್ಕೆ ಸಮ.

ಯಾವ ವಾಹನಕ್ಕೆ ಯಾವ ನಿಯಮ?

1. ಸರಕು ವಾಹನಗಳು. ನಾಲ್ಕು ಚಕ್ರದ ಸಣ್ಣ ಸರಕು ವಾಹನ, ಪಿಕಪ್, ಮೂರು ಚಕ್ರದ ಸರಕು ಆಟೊ ಮತ್ತು ಲಾರಿಗಳು ಸಾರಿಗೆ ವಾಹನಗಳ ವರ್ಗಕ್ಕೆ ಸೇರುತ್ತವೆ. ಇವುಗಳಿಗೆ ಅರ್ಹತಾ ಪತ್ರ ಕಡ್ಡಾಯ. ಹೊಸ ವಾಹನಕ್ಕೆ ಮೊದಲು 2 ವರ್ಷಗಳ ಅವಧಿಯ ಪತ್ರ ದೊರೆಯುತ್ತದೆ. ವಾಹನಕ್ಕೆ 8 ವರ್ಷ ತುಂಬುವವರೆಗೆ ನವೀಕರಣ 2 ವರ್ಷಗಳಿಗೊಮ್ಮೆ, ಆನಂತರ ಪ್ರತಿ ವರ್ಷ.

2. ಕೃಷಿ ಟ್ರ್ಯಾಕ್ಟರ್. ಕೇಂದ್ರ ಮೋಟಾರು ವಾಹನಗಳ ನಿಯಮಗಳು, 1989ರಲ್ಲಿ ಕೃಷಿ ಟ್ರ್ಯಾಕ್ಟರನ್ನು ಸಾರಿಗೆಯೇತರ ವಾಹನವೆಂದು ಹೇಳಲಾಗಿದೆ. ಆದುದರಿಂದ ಕೃಷಿ ಬಳಕೆಗೆಂದು ನೋಂದಣಿಯಾದ ಟ್ರ್ಯಾಕ್ಟರ್‌ಗೆ ಪ್ರತಿ ವರ್ಷದ ಎಫ್‌ಸಿ ಬೇಕಿಲ್ಲ. ಇದರ ನೋಂದಣಿಗೆ 15 ವರ್ಷಗಳ ಮಾನ್ಯತೆ ಇರುತ್ತದೆ. ಅವಧಿ ಮುಗಿಯುವ ಮುನ್ನ, ಕೊನೆಯ 60 ದಿನಗಳೊಳಗೆ, ನಮೂನೆ 25ರಲ್ಲಿ ಅರ್ಜಿ ಸಲ್ಲಿಸಿ ವಾಹನವನ್ನು ತಪಾಸಣೆಗೆ ಒಪ್ಪಿಸಬೇಕು. ನವೀಕರಣವು 5 ವರ್ಷಗಳ ಅವಧಿಗೆ ದೊರೆಯುತ್ತದೆ.

3. ಬಾಡಿಗೆಗೆ ಓಡುವ ಟ್ರ್ಯಾಕ್ಟರ್–ಟ್ರೇಲರ್. ಇಟ್ಟಿಗೆ, ಜಲ್ಲಿ, ಮರಳು ಮುಂತಾದ ಕೃಷಿಯೇತರ ಸರಕನ್ನು ಬಾಡಿಗೆಗೆ ಸಾಗಿಸಿದರೆ ಅದು ವಾಣಿಜ್ಯ ಬಳಕೆಯಾಗುತ್ತದೆ. ಕೃಷಿ ಬಳಕೆಗೆಂದು ಪಡೆದ ನೋಂದಣಿಯಾಗಲಿ, ಅದರ ವಿಮೆಯಾಗಲಿ ಇಂತಹ ಬಳಕೆಗೆ ರಕ್ಷಣೆ ನೀಡುವುದಿಲ್ಲ. ಬೇಸಾಯದ ಬಿಡುವಿನಲ್ಲಿ ಬಾಡಿಗೆಗೆ ಓಡಿಸುವವರು ಅದಕ್ಕೆ ತಕ್ಕ ನೋಂದಣಿ, ವಿಮೆ ಮತ್ತು ಅರ್ಹತಾ ಪತ್ರವನ್ನು ಮೊದಲೇ ಪಡೆದಿರಬೇಕು.

ರೈತರಲ್ಲಿರುವ ಎರಡು ತಪ್ಪು ಕಲ್ಪನೆಗಳು

‘ನನ್ನ ಗಾಡಿಗೆ ಪರ್ಮಿಟ್ ಬೇಡ, ಆದ್ದರಿಂದ ಎಫ್‌ಸಿಯೂ ಬೇಡ’ ಎಂಬುದು ಮೊದಲನೆಯದು. ಒಟ್ಟು ತೂಕ 3,000 ಕಿ.ಗ್ರಾಂ. ಮೀರದ ಸರಕು ವಾಹನಗಳಿಗೆ ಕಾಯ್ದೆಯ 66ನೇ ಕಲಮಿನಲ್ಲಿ ಪರ್ಮಿಟ್‌ನಿಂದ ವಿನಾಯಿತಿ ಇರುವುದು ನಿಜ. ಆದರೆ ಆ ವಿನಾಯಿತಿ ಪರ್ಮಿಟ್‌ಗೆ ಮಾತ್ರ ಅನ್ವಯಿಸುತ್ತದೆ. ಅರ್ಹತಾ ಪತ್ರಕ್ಕೆ ಅಲ್ಲ.

‘ಸ್ವಂತ ಬೆಳೆಯನ್ನಷ್ಟೇ ಸಾಗಿಸುತ್ತೇನೆ, ಬಾಡಿಗೆಗೆ ಓಡಿಸುವುದಿಲ್ಲ’ ಎಂಬುದು ಎರಡನೆಯದು. ಸರಕು ಸಾಗಣೆಗೆಂದೇ ನಿರ್ಮಿಸಿದ ವಾಹನವು, ಅದರಲ್ಲಿ ಯಾರ ಸರಕು ಇದ್ದರೂ, ಸಾರಿಗೆ ವಾಹನವೇ ಆಗಿರುತ್ತದೆ.

ಅವಧಿ ಮೀರಿದರೆ ಆಗುವ ನಷ್ಟ

• ಕಾಯ್ದೆಯ 192ನೇ ಕಲಮಿನಲ್ಲಿ ಮೊದಲ ಅಪರಾಧಕ್ಕೆ 2,000 ರೂ.ಗಳಿಗೆ ಕಡಿಮೆಯಿಲ್ಲದಂತೆ 5,000 ರೂ.ಗಳವರೆಗೆ ದಂಡ ವಿಧಿಸಲು ಅವಕಾಶವಿದೆ. ಅಪರಾಧ ಮರುಕಳಿಸಿದರೆ ದಂಡ 10,000 ರೂ.ಗಳವರೆಗೆ ಏರಬಹುದು, ಒಂದು ವರ್ಷದವರೆಗಿನ ಸೆರೆವಾಸಕ್ಕೂ ಅವಕಾಶವಿದೆ.

• ಅರ್ಹತಾ ಪತ್ರದ ಅವಧಿ ಮುಗಿದ ನಂತರ ವಿಳಂಬದ ಪ್ರತಿ ದಿನಕ್ಕೆ 50 ರೂ. ಹೆಚ್ಚುವರಿ ಶುಲ್ಕ ಸೇರುತ್ತದೆ. ಒಂದು ತಿಂಗಳು ಮರೆತರೆ 1,500 ರೂ., ಆರು ತಿಂಗಳು ಮರೆತರೆ ಸುಮಾರು 9,000 ರೂ. ಆಗುತ್ತದೆ. ಈ ಹಣದಲ್ಲಿ ಒಂದು ಜೊತೆ ಟೈರ್ ಕೊಳ್ಳಬಹುದಾದ ವಾಹನಗಳೂ ಇವೆ.

• ಅಪಘಾತ ಸಂಭವಿಸಿದಲ್ಲಿ ಎಫ್‌ಸಿ ಇಲ್ಲವೆಂಬ ಕಾರಣಕ್ಕೆ ವಿಮಾ ಕಂಪನಿಯು ಪರಿಹಾರದ ಬಗ್ಗೆ ತಕರಾರು ಎತ್ತಬಹುದು. ಆಗ ಗಾಯಾಳು ಅಥವಾ ಮೃತರ ಕುಟುಂಬಕ್ಕೆ ಸಲ್ಲಬೇಕಾದ ಪರಿಹಾರದ ಹೊರೆ ವಾಹನದ ಮಾಲೀಕನ ಹೆಗಲಿಗೆ ಬರುವ ಅಪಾಯವಿದೆ. ಜಮೀನನ್ನೇ ಮಾರಬೇಕಾದ ಸ್ಥಿತಿ ಇದರಿಂದ ಬರಬಹುದು. ದಂಡಕ್ಕಿಂತ ಇದು ಬಹಳ ದೊಡ್ಡ ನಷ್ಟ.

ಪರೀಕ್ಷಾ ಕೇಂದ್ರವನ್ನು ಕಂಡುಕೊಳ್ಳುವ ಬಗೆ

ವಾಹನವು ಸಾಮಾನ್ಯವಾಗಿ ಎಲ್ಲಿ ನಿಲ್ಲುತ್ತದೆಯೋ ಆ ಸ್ಥಳದ ವ್ಯಾಪ್ತಿಯ ಪ್ರಾದೇಶಿಕ ಸಾರಿಗೆ ಕಚೇರಿ (ಆರ್‌ಟಿಒ) ಅಥವಾ ಅಧಿಕೃತ ಪರೀಕ್ಷಾ ಕೇಂದ್ರದಲ್ಲಿ ನವೀಕರಣ ಮಾಡಿಸುವುದು ಪದ್ಧತಿ. ಮೊದಲು ತಮ್ಮ ಆರ್‌ಸಿಯಲ್ಲಿ ನಮೂದಾಗಿರುವ ನೋಂದಣಿ ಪ್ರಾಧಿಕಾರ ಮತ್ತು ವಿಳಾಸವನ್ನು ನೋಡಿಕೊಳ್ಳಿರಿ. ಬೆಂಗಳೂರಿನ ಪಶ್ಚಿಮ ಭಾಗದಲ್ಲಿ ಸಾಮಾನ್ಯವಾಗಿ ಕಾಣುವ ನೋಂದಣಿ ಸಂಕೇತಗಳು ಹೀಗಿವೆ:

• ಕೆಎ-02: ಬೆಂಗಳೂರು ಪಶ್ಚಿಮ (ರಾಜಾಜಿನಗರ)
• ಕೆಎ-04: ಬೆಂಗಳೂರು ಉತ್ತರ (ಯಶವಂತಪುರ)
• ಕೆಎ-41: ಜ್ಞಾನಭಾರತಿ
• ಕೆಎ-42: ರಾಮನಗರ
• ಕೆಎ-52: ನೆಲಮಂಗಲ

ಮಾಗಡಿ ಅಥವಾ ತುಮಕೂರು ಕಡೆಯಿಂದ ಹಳೆಯ ವಾಹನ ಕೊಂಡು ಹೇರೋಹಳ್ಳಿಯಲ್ಲಿ ಇರಿಸಿಕೊಂಡಿರುವವರು ಮಾಲೀಕತ್ವ ವರ್ಗಾವಣೆ ಮತ್ತು ವಿಳಾಸ ಬದಲಾವಣೆಯನ್ನು 30 ದಿನಗಳೊಳಗೆ ಮಾಡಿಸಿಕೊಳ್ಳಬೇಕು. ಹಿಂದಿನ ಮಾಲೀಕನ ಹೆಸರಿನಲ್ಲೇ ಆರ್‌ಸಿ ಉಳಿದಿದ್ದರೆ, ಮೊಬೈಲ್‌ಗೆ ಬರುವ ಒಟಿಪಿಯೂ ಆತನಿಗೇ ಹೋಗುತ್ತದೆ. ನವೀಕರಣದ ಅರ್ಜಿ ಅಲ್ಲಿಯೇ ನಿಲ್ಲುತ್ತದೆ.

ತಪಾಸಣೆ ಎರಡು ಬಗೆಯಲ್ಲಿ ನಡೆಯುತ್ತದೆ. ಒಂದು, ಮೋಟಾರು ವಾಹನ ನಿರೀಕ್ಷಕರು ಮೈದಾನದಲ್ಲಿ ವಾಹನವನ್ನು ನೋಡಿ, ಓಡಿಸಿ ಪರೀಕ್ಷಿಸುವುದು. ಮತ್ತೊಂದು, ಯಂತ್ರಗಳ ಮೂಲಕ ಪರೀಕ್ಷಿಸುವ ಸ್ವಯಂಚಾಲಿತ ಕೇಂದ್ರ. ನೆಲಮಂಗಲದಲ್ಲಿರುವ ತಪಾಸಣೆ ಮತ್ತು ಪ್ರಮಾಣೀಕರಣ ಕೇಂದ್ರವು ಎರಡನೆಯ ಬಗೆಗೆ ನಿದರ್ಶನ. ಕೇಂದ್ರ ಸರ್ಕಾರವು 2021ರಲ್ಲಿ ಇಂತಹ ಕೇಂದ್ರಗಳಿಗೆ ನಿಯಮಗಳನ್ನು ರೂಪಿಸಿದ್ದು, ಹಂತ ಹಂತವಾಗಿ ಸಾರಿಗೆ ವಾಹನಗಳ ಪರೀಕ್ಷೆಯನ್ನು ಅವುಗಳಿಗೆ ವಹಿಸಲಾಗುತ್ತಿದೆ. ತಮ್ಮ ವಾಹನ ಯಾವ ಕೇಂದ್ರಕ್ಕೆ ಹೋಗಬೇಕೆಂಬುದು ಅರ್ಜಿ ಸಲ್ಲಿಸುವಾಗಲೇ ಪರಿವಾಹನ್ ಜಾಲತಾಣದಲ್ಲಿ ತಿಳಿಯುತ್ತದೆ.

ಅರ್ಜಿ ಸಲ್ಲಿಸುವ ಕ್ರಮ

1. ಪರಿವಾಹನ್ ಜಾಲತಾಣದಲ್ಲಿ ಕರ್ನಾಟಕ ರಾಜ್ಯವನ್ನು ಆಯ್ದು, ವಾಹನದ ಸಂಖ್ಯೆ ಮತ್ತು ಚಾಸಿ ಸಂಖ್ಯೆಯ ಕೊನೆಯ ಅಂಕಿಗಳನ್ನು ನಮೂದಿಸುವುದು.
2. ಅರ್ಹತಾ ಪತ್ರ ನವೀಕರಣದ ಸೇವೆಯನ್ನು ಆಯ್ದು ಶುಲ್ಕ ಪಾವತಿಸುವುದು. ಶುಲ್ಕವು ವಾಹನದ ವರ್ಗ ಮತ್ತು ವಯಸ್ಸನ್ನು ಅವಲಂಬಿಸಿರುತ್ತದೆ. ಪರದೆಯ ಮೇಲೆ ಕಾಣುವ ಮೊತ್ತವೇ ಅಧಿಕೃತ, ರಸೀದಿಯನ್ನು ಉಳಿಸಿಕೊಳ್ಳುವುದು.
3. ತಪಾಸಣೆಯ ದಿನಾಂಕವನ್ನು ಗೊತ್ತುಪಡಿಸಿಕೊಳ್ಳುವುದು.
4. ಆರ್‌ಸಿ, ಚಾಲ್ತಿಯಲ್ಲಿರುವ ವಿಮೆ, ಹೊಗೆ ತಪಾಸಣೆಯ ಪ್ರಮಾಣಪತ್ರ, ತೆರಿಗೆ ಪಾವತಿಯ ದಾಖಲೆ, ಹಳೆಯ ಅರ್ಹತಾ ಪತ್ರ ಮತ್ತು ಅನ್ವಯಿಸುವ ಕಡೆ ಪರ್ಮಿಟ್‌ನೊಂದಿಗೆ ವಾಹನವನ್ನು ಹಾಜರುಪಡಿಸುವುದು.

ಕಂಪ್ಯೂಟರ್ ಬಳಕೆ ತಿಳಿಯದವರು ಸಮೀಪದ ಸೇವಾ ಕೇಂದ್ರದ ನೆರವು ಪಡೆಯಬಹುದು. ಆದರೆ ವಾಹನವನ್ನು ಕೊಂಡೊಯ್ಯದೆ ‘ಎಫ್‌ಸಿ ಮಾಡಿಸಿಕೊಡುತ್ತೇನೆ’ ಎನ್ನುವ ಮಧ್ಯವರ್ತಿಗಳನ್ನು ನಂಬಬಾರದು.

ಪರೀಕ್ಷೆಗೆ ಮುನ್ನ ಮನೆಯಲ್ಲೇ ನೋಡಿಕೊಳ್ಳಬೇಕಾದುದು

ವಾಹನವನ್ನು ಚೆನ್ನಾಗಿ ತೊಳೆದು, ಒಣಗಿದ ನಂತರ ಹಗಲು ಬೆಳಕಿನಲ್ಲಿ ಕೆಳಗಿನ ಅಂಶಗಳನ್ನು ಪರಿಶೀಲಿಸಿರಿ.

• ಬ್ರೇಕ್: ಸಮತಟ್ಟಾದ ಖಾಲಿ ಜಾಗದಲ್ಲಿ ನಿಧಾನವಾಗಿ ಓಡಿಸಿ ಬ್ರೇಕ್ ಹಿಡಿದಾಗ ವಾಹನ ಒಂದು ಪಕ್ಕಕ್ಕೆ ಎಳೆಯಬಾರದು. ಎಳೆದರೆ ಒಂದು ಚಕ್ರದ ಬ್ರೇಕ್ ಶೂ ಸವೆದಿದೆ ಅಥವಾ ಅದಕ್ಕೆ ಎಣ್ಣೆ ತಾಗಿದೆ ಎಂದು ತಿಳಿಯಬಹುದು. ಸ್ವಯಂಚಾಲಿತ ಕೇಂದ್ರದ ಉರುಳೆ ಯಂತ್ರವು ಪ್ರತಿ ಚಕ್ರದ ಬ್ರೇಕನ್ನು ಪ್ರತ್ಯೇಕವಾಗಿ ಅಳೆಯುವುದರಿಂದ ಈ ದೋಷ ಅಲ್ಲಿ ಮರೆಯಾಗದು. ಹ್ಯಾಂಡ್ ಬ್ರೇಕ್ ಇಳಿಜಾರಿನಲ್ಲಿ ವಾಹನವನ್ನು ಹಿಡಿದು ನಿಲ್ಲಿಸಬೇಕು.

• ಟೈರ್: ನಾಲ್ಕು ಚಕ್ರದ ವಾಹನಗಳ ಟೈರಿನ ಹಲ್ಲು ಕನಿಷ್ಠ 1.6 ಮಿ.ಮೀ., ಮೂರು ಚಕ್ರದ ವಾಹನಗಳಲ್ಲಿ 0.8 ಮಿ.ಮೀ. ಆಳ ಇರಬೇಕು. ಹಲ್ಲುಗಳ ನಡುವಿನ ಸವೆತ ಸೂಚಕ ಗೆರೆಯು ಮೇಲ್ಮೈಗೆ ಸಮವಾಗಿದ್ದರೆ ಟೈರ್ ಬದಲಿಸುವ ಕಾಲ ಬಂದಿದೆ ಎಂದರ್ಥ. ಒಂದು ಅಂಚು ಮಾತ್ರ ಸವೆದಿದ್ದರೆ ಚಕ್ರಗಳ ಅಲೈನ್‌ಮೆಂಟ್ ಮಾಡಿಸಬೇಕು. ಪರೀಕ್ಷೆಯ ದಿನಕ್ಕಷ್ಟೇ ಬೇರೆಯವರ ಟೈರ್ ಎರವಲು ತಂದು ಹಾಕುವುದು ನಿರೀಕ್ಷಕರನ್ನಲ್ಲ, ನಮ್ಮನ್ನೇ ವಂಚಿಸಿಕೊಂಡಂತೆ.

• ಸ್ಟೀರಿಂಗ್: ಚಕ್ರ ತಿರುಗದೆ ಸ್ಟೀರಿಂಗ್ ಮಾತ್ರ ಹೆಚ್ಚು ಆಡುತ್ತಿದ್ದರೆ ಟೈ ರಾಡ್ ಮತ್ತು ಕಿಂಗ್ ಪಿನ್ ಪರೀಕ್ಷಿಸಿ ಬದಲಿಸಬೇಕು.

• ದೀಪಗಳು: ಹೆಡ್‌ಲೈಟ್, ಬ್ರೇಕ್ ದೀಪ, ಇಂಡಿಕೇಟರ್ ಮತ್ತು ನಂಬರ್ ಪ್ಲೇಟ್ ದೀಪ ಎಲ್ಲವೂ ಉರಿಯಬೇಕು. ಹಿಂದೆ ಕೆಂಪು, ಮುಂದೆ ಬಿಳಿ ಬಣ್ಣದ ಪ್ರತಿಫಲಕ ಪಟ್ಟಿಗಳು ಸಿಪ್ಪೆ ಏಳದೆ ಸ್ವಚ್ಛವಾಗಿರಬೇಕು.

• ಹೊಗೆ: ಕಪ್ಪು ಹೊಗೆ ಬರುತ್ತಿದ್ದರೆ ಮೊದಲು ಏರ್ ಫಿಲ್ಟರ್ ಸ್ವಚ್ಛಗೊಳಿಸುವುದು. ಮಣ್ಣಿನ ದಾರಿಯಲ್ಲಿ ಓಡುವ ವಾಹನಗಳಲ್ಲಿ ಇದು ಬೇಗ ಕಟ್ಟಿಕೊಳ್ಳುತ್ತದೆ.

• ಗುರುತು: ಚಾಸಿ ಸಂಖ್ಯೆಯ ಮೇಲಿನ ತುಕ್ಕು ಮತ್ತು ಗ್ರೀಸ್ ಒರೆಸಿ ಅಂಕಿಗಳು ಕಾಣುವಂತೆ ಮಾಡುವುದು. ಅತಿ ಸುರಕ್ಷಿತ ನೋಂದಣಿ ಫಲಕವನ್ನು ಅಳವಡಿಸಿರಬೇಕು. ಹೆಚ್ಚು ಸರಕು ತುಂಬಲೆಂದು ಕಟ್ಟಿಸಿದ ಎತ್ತರದ ಕಟಕಟೆ ಮುಂತಾದ ಅನಧಿಕೃತ ಮಾರ್ಪಾಡುಗಳನ್ನು ತೆಗೆಸಬೇಕು.

ಟ್ರ್ಯಾಕ್ಟರ್–ಟ್ರೇಲರ್‌ಗೆ ವಿಶೇಷ ಸೂಚನೆಗಳು

ಕೃಷಿ ಟ್ರ್ಯಾಕ್ಟರ್‌ಗೆ ಪ್ರತಿ ವರ್ಷದ ಪರೀಕ್ಷೆಯನ್ನು ಕಾನೂನು ವಿಧಿಸಿಲ್ಲ. ಆದುದರಿಂದಲೇ ಅದರ ಪರೀಕ್ಷಕ ಸ್ವತಃ ರೈತನೇ ಆಗಬೇಕು. ವರ್ಷಕ್ಕೊಮ್ಮೆ, ರಾಗಿ ಕಟಾವಿಗೆ ಮೊದಲು, ಈ ತಪಾಸಣೆಯನ್ನು ತಪ್ಪದೆ ಮಾಡಿರಿ.

• ಹೊಲದಲ್ಲಿ ತಿರುಗಿಸಲು ಅನುಕೂಲವಾಗುವಂತೆ ಟ್ರ್ಯಾಕ್ಟರ್‌ಗೆ ಎಡ ಮತ್ತು ಬಲ ಚಕ್ರಗಳಿಗೆ ಬೇರೆ ಬೇರೆ ಬ್ರೇಕ್ ಪೆಡಲ್‌ಗಳಿರುತ್ತವೆ. ರಸ್ತೆಗೆ ಇಳಿಯುವ ಮುನ್ನ ಎರಡನ್ನೂ ಚಿಲಕದಿಂದ ಜೋಡಿಸುವುದು ಕಡ್ಡಾಯವೆಂದು ಭಾವಿಸಿರಿ. ವೇಗದಲ್ಲಿ ಒಂದೇ ಪೆಡಲ್ ತುಳಿದರೆ ಟ್ರ್ಯಾಕ್ಟರ್ ತಟ್ಟನೆ ತಿರುಗಿ ಮಗುಚುತ್ತದೆ.
• ಟ್ರೇಲರ್ ಜೋಡಿಸುವ ಪಿನ್ ಸವೆದಿದ್ದರೆ ಬದಲಿಸಿ, ಅದು ಮೇಲೇಳದಂತೆ ತಡೆಯುವ ಸಣ್ಣ ಪಿನ್ ಹಾಕಿರಿ. ಕಬ್ಬಿಣದ ಸರಳು ಅಥವಾ ಬೋಲ್ಟನ್ನು ಪಿನ್ನಿನ ಬದಲಿಗೆ ಬಳಸಬಾರದು.
• ಟ್ರೇಲರ್‌ನ ಹಿಂಭಾಗದಲ್ಲಿ ದೀಪ ಮತ್ತು ಕೆಂಪು ಪ್ರತಿಫಲಕಗಳಿರಲಿ. ರಾಗಿ ಹುಲ್ಲು ಹೇರಿದಾಗ ಅವು ಮುಚ್ಚಿಹೋಗದಂತೆ ನೋಡಿಕೊಳ್ಳಿರಿ. ರಾತ್ರಿ ರಸ್ತೆ ಬದಿಯಲ್ಲಿ ದೀಪವಿಲ್ಲದೆ ನಿಂತ ಟ್ರೇಲರ್ ದ್ವಿಚಕ್ರ ಸವಾರರಿಗೆ ಕಾಣುವುದೇ ಇಲ್ಲ.
• ಕೂಲಿ ಕಾರ್ಮಿಕರನ್ನು ಟ್ರೇಲರ್‌ನಲ್ಲಾಗಲಿ, ಮಡ್‌ಗಾರ್ಡ್ ಮೇಲಾಗಲಿ ಕೂರಿಸಿ ಕರೆದೊಯ್ಯಬಾರದು.

ಬೆಳೆ ವೇಳಾಪಟ್ಟಿಯೊಂದಿಗೆ ಹೊಂದಾಣಿಕೆ

ಈ ಭಾಗದಲ್ಲಿ ಮುಂಗಾರು ರಾಗಿಯ ಕಟಾವು ನವೆಂಬರ್–ಡಿಸೆಂಬರ್‌ನಲ್ಲಿಯೂ, ಅವರೆಕಾಯಿಯ ಭರಾಟೆ ಡಿಸೆಂಬರ್–ಜನವರಿಯಲ್ಲಿಯೂ ಇರುತ್ತದೆ. ವಾಹನಕ್ಕೆ ಬಿಡುವೇ ಇಲ್ಲದ ಈ ಕಾಲದಲ್ಲಿ ಅರ್ಹತಾ ಪತ್ರದ ಅವಧಿ ಮುಗಿಯುವಂತಿದ್ದರೆ, ದುರಸ್ತಿಯನ್ನು ಅಕ್ಟೋಬರ್‌ನಲ್ಲೇ ಮುಗಿಸಿಕೊಳ್ಳುವುದು ಸೂಕ್ತ. ಬಿತ್ತನೆ, ಗೊಬ್ಬರ ಮತ್ತು ಔಷಧಿ ಸಿಂಪಡಣೆಯ ದಿನಾಂಕ ಬರೆಯುವ ಪುಸ್ತಕದಲ್ಲಿಯೇ ಎಫ್‌ಸಿ, ವಿಮೆ ಹಾಗೂ ಹೊಗೆ ತಪಾಸಣೆಯ ಕೊನೆಯ ದಿನಾಂಕಗಳನ್ನೂ ಬರೆದಿಡಿ. ಅವಧಿ ಮುಗಿಯಲು ಒಂದು ತಿಂಗಳಿರುವಾಗ ದುರಸ್ತಿ, ಎರಡರಿಂದ ಮೂರು ವಾರಗಳಿರುವಾಗ ಅರ್ಜಿ ಎಂಬ ಕ್ರಮವನ್ನು ಅನುಸರಿಸಿರಿ. ಪರೀಕ್ಷೆಯಲ್ಲಿ ವಾಹನ ಅನರ್ಹವಾದರೆ, ದೋಷಗಳ ಪಟ್ಟಿ ಪಡೆದು ಸರಿಪಡಿಸಿ ಮರುಪರೀಕ್ಷೆಗೆ ಒಪ್ಪಿಸಲು ಆಗ ಕಾಲಾವಕಾಶ ಉಳಿದಿರುತ್ತದೆ.

ಗಮನಿಸಿ

ಅರ್ಹತಾ ಪತ್ರವು ಪರೀಕ್ಷೆಯ ದಿನದ ಸ್ಥಿತಿಗೆ ಮಾತ್ರ ಸಾಕ್ಷಿ. ವಾಹನವು ನಿಯಮಗಳಿಗೆ ಅನುಗುಣವಾಗಿಲ್ಲವೆಂದು ಕಂಡುಬಂದಲ್ಲಿ ಅವಧಿಯ ನಡುವೆಯೂ ಅದನ್ನು ರದ್ದುಪಡಿಸುವ ಅಧಿಕಾರ ಸಾರಿಗೆ ಇಲಾಖೆಗೆ ಇದೆ. ಆದ್ದರಿಂದ ಬ್ರೇಕ್, ಟೈರ್ ಮತ್ತು ದೀಪಗಳನ್ನು ಪ್ರತಿ ವಾರ ಐದು ನಿಮಿಷ ನೋಡುವ ಅಭ್ಯಾಸವನ್ನು ರೈತ ಬಾಂಧವರು ರೂಢಿಸಿಕೊಳ್ಳಬೇಕು. ಹಳೆಯ ವಾಹನದ ದುರಸ್ತಿ ವೆಚ್ಚ ವರ್ಷದಿಂದ ವರ್ಷಕ್ಕೆ ಏರುತ್ತಿದ್ದರೆ, ಅದನ್ನು ಉಳಿಸಿಕೊಳ್ಳುವ ಬದಲು ನೆರೆಹೊರೆಯ ರೈತರು ಕೂಡಿ ಒಂದು ಸುಸ್ಥಿತಿಯ ವಾಹನದಲ್ಲಿ ಸರಕು ಕಳುಹಿಸುವುದು ಅಥವಾ ಕೃಷಿ ಯಂತ್ರಧಾರೆ ಕೇಂದ್ರದಿಂದ ಟ್ರ್ಯಾಕ್ಟರ್ ಬಾಡಿಗೆಗೆ ಪಡೆಯುವುದು ಲಾಭದಾಯಕ.

ನೋಂದಣಿ ಮತ್ತು ಅರ್ಹತಾ ಪತ್ರದ ವಿಷಯದಲ್ಲಿ ತಮ್ಮ ವ್ಯಾಪ್ತಿಯ ಪ್ರಾದೇಶಿಕ ಸಾರಿಗೆ ಕಚೇರಿಯನ್ನೂ, ಕೃಷಿ ಯಂತ್ರೋಪಕರಣಗಳ ಬಳಕೆ ಮತ್ತು ಬಾಡಿಗೆ ಸೌಲಭ್ಯದ ವಿಷಯದಲ್ಲಿ ಹೋಬಳಿ ಮಟ್ಟದ ರೈತ ಸಂಪರ್ಕ ಕೇಂದ್ರವನ್ನೂ ಸಂಪರ್ಕಿಸಬಹುದು.