ಲೋಗೋ ಭಾಷೆಯೂ ಕನ್ನಡ ಕಲಿತ ಆಮೆಯೂ

ಬಾಗೂರಿನಲ್ಲಾಗಲಿ, ಹೊಸದುರ್ಗದ ಸೀಮೆಯ ಇನ್ನಾವ ಹಳ್ಳಿಯಲ್ಲಾಗಲಿ, ಬೆಳಗಿನ ಹೊತ್ತು ಅಂಗಳಕ್ಕೆ ನೀರು ಚಿಮುಕಿಸಿ ರಂಗವಲ್ಲಿಯನ್ನಿಡುವ ಹೆಣ್ಣುಮಕ್ಕಳ ಕೈಚಳಕವನ್ನು ಕಾಣದವರಿಲ್ಲ. ಮೊದಲು ಚುಕ್ಕೆಗಳ ಸಾಲು; ಆಮೇಲೆ ಇಷ್ಟು ದೂರ ಗೆರೆ, ಇಲ್ಲಿ ತಿರುವು, ಮತ್ತೆ ಅಷ್ಟೇ ದೂರ ಗೆರೆ; ಒಂದು ಮೂಲೆಯಲ್ಲಿ ಮಾಡಿದುದನ್ನೇ ಉಳಿದ ಮೂರು ಮೂಲೆಗಳಲ್ಲಿಯೂ ಮಾಡಿದರೆ ಚಿತ್ರ ಮುಗಿಯಿತು. ತಾಯಿಯು ಮಗಳಿಗೆ ಇದನ್ನು ಕಲಿಸುವಾಗ ರೇಖಾಗಣಿತದ ಹೆಸರನ್ನೆತ್ತುವುದಿಲ್ಲ. ಆದರೂ ಕ್ರಮ, ಅಳತೆ, ತಿರುವು, ಪುನರಾವೃತ್ತಿ ಎಂಬ ನಾಲ್ಕೂ ಅದರಲ್ಲಿ ಅಡಗಿವೆ. ಗಣಕಯಂತ್ರಕ್ಕೆ ಆಜ್ಞೆಯನ್ನು ಕೊಡುವ ವಿದ್ಯೆಯ ತಿರುಳೂ ಬಹುಮಟ್ಟಿಗೆ ಇದೇ. ಭೇದವೇನೆಂದರೆ, ಅಂಗಳದ ಪಾಠವು ತಾಯ್ನುಡಿಯಲ್ಲಿ ನಡೆಯುತ್ತದೆ; ಗಣಕದ ಪಾಠವು ಪರಭಾಷೆಯಲ್ಲಿ ನಡೆಯುತ್ತದೆ. ಮಕ್ಕಳಿಗಾಗಿಯೇ ಹುಟ್ಟಿದ ಲೋಗೋ ಎಂಬ ಆಜ್ಞಾಭಾಷೆಯ ಚರಿತ್ರೆಯನ್ನೂ, ಅದು ಕನ್ನಡಕ್ಕೆ ಬಂದ ಬಗೆಯನ್ನೂ ಅರಿತರೆ, ಈ ಭೇದವು ಎಷ್ಟು ದೊಡ್ಡದು, ಅದನ್ನು ಎಷ್ಟರಮಟ್ಟಿಗೆ ತೊಡೆಯಬಹುದು ಎಂಬುದು ತಿಳಿದೀತು.

ಗಣಕಯಂತ್ರವು ಸ್ವತಃ ಬಲ್ಲುದು ಸೊನ್ನೆ ಮತ್ತು ಒಂದು ಎಂಬ ಎರಡು ಸಂಕೇತಗಳನ್ನು ಮಾತ್ರ. ಆ ಸಂಕೇತಗಳಲ್ಲಿಯೇ ಅದರೊಡನೆ ವ್ಯವಹರಿಸಬೇಕಾಗಿದ್ದ ಕಾಲದಲ್ಲಿ ಈ ವಿದ್ಯೆಯು ಕೆಲವೇ ತಜ್ಞರ ಸೊತ್ತಾಗಿತ್ತು. ಮನುಷ್ಯನ ಮಾತಿಗೆ ಸಮೀಪವಾದ ಆಜ್ಞೆಗಳನ್ನು ಬರೆದು, ಅವುಗಳನ್ನು ಸಂಕೇತಗಳಿಗೆ ಮಾರ್ಪಡಿಸುವ ಕೆಲಸವನ್ನು ಯಂತ್ರಕ್ಕೇ ಒಪ್ಪಿಸುವ ಉಪಾಯವು ಹೊಳೆದ ಮೇಲೆ, ಪ್ರೋಗ್ರಾಮಿಂಗ್ ಭಾಷೆಗಳೆಂದು ಹೆಸರಾದ ಆಜ್ಞಾಭಾಷೆಗಳು ಒಂದರ ಹಿಂದೊಂದು ಹುಟ್ಟಿದುವು. ವಿಜ್ಞಾನಿಗಳ ಲೆಕ್ಕಾಚಾರಕ್ಕೆಂದು ೧೯೫೭ರಲ್ಲಿ ಫೋರ್ಟ್ರಾನ್ ಬಂದಿತು. ವ್ಯಾಪಾರದ ಲೆಕ್ಕಪತ್ರಗಳಿಗೆಂದು ೧೯೬೦ರ ಸುಮಾರಿಗೆ ಕೋಬಾಲ್ ಬಂದಿತು. ಇವೆರಡರ ನಡುವೆ, ೧೯೫೮ರಲ್ಲಿ, ಅಮೆರಿಕದ ಜಾನ್ ಮೆಕಾರ್ಥಿ ಎಂಬ ವಿದ್ವಾಂಸನು ಲಿಸ್ಪ್ ಎಂಬ ಭಾಷೆಯನ್ನು ರೂಪಿಸತೊಡಗಿದನು. ಅಂಕಿಗಳ ಗುಣಾಕಾರ ಭಾಗಾಕಾರಗಳಿಗಿಂತ ಪದಗಳ ಮತ್ತು ಸಂಕೇತಗಳ ಪಟ್ಟಿಗಳನ್ನು ನಿರ್ವಹಿಸುವುದೇ ಅದರ ವಿಶೇಷ. ಈ ಲಿಸ್ಪ್ ಭಾಷೆಯೇ ಲೋಗೋವಿನ ತಾಯಿ.

ಲೋಗೋ ಹುಟ್ಟಿದುದು ೧೯೬೭ರಲ್ಲಿ, ಅಮೆರಿಕದ ಮಸಾಚುಸೆಟ್ಸ್ ಪ್ರಾಂತದ ಕೇಂಬ್ರಿಜ್ ನಗರದಲ್ಲಿ. ವಾಲೇಸ್ ಫ್ಯೂರ್ಜೀಗ್, ಸೆಮೂರ್ ಪೇಪರ್ಟ್, ಸಿಂಥಿಯಾ ಸಾಲೊಮನ್ ಮೊದಲಾದವರು ಅದರ ನಿರ್ಮಾತೃಗಳು. ಮಾತು, ಚಿಂತನೆ ಎಂಬ ಅರ್ಥಗಳುಳ್ಳ ಗ್ರೀಕ್ ಶಬ್ದದಿಂದ ಫ್ಯೂರ್ಜೀಗನು ಆ ಹೆಸರನ್ನು ಆರಿಸಿದನು. ಇವರಲ್ಲಿ ಪೇಪರ್ಟನು ೧೯೨೮ರಲ್ಲಿ ದಕ್ಷಿಣ ಆಫ್ರಿಕದಲ್ಲಿ ಹುಟ್ಟಿದವನು, ಗಣಿತಜ್ಞ. ೧೯೫೮ ಮೊದಲ್ಗೊಂಡು ಐದು ವರ್ಷಗಳ ಕಾಲ ಜಿನೀವಾದಲ್ಲಿ ಜಾನ್ ಪಿಯಾಜೆಯ ಬಳಿ ಇದ್ದು, ಮಕ್ಕಳ ಬುದ್ಧಿ ಬೆಳೆಯುವ ಪರಿಯನ್ನು ಅಭ್ಯಾಸಮಾಡಿದ್ದನು. ಹೊರಗಿನಿಂದ ತುಂಬಿದ ಜ್ಞಾನಕ್ಕಿಂತ ಮಗುವು ತಾನೇ ಕಟ್ಟಿಕೊಂಡ ಜ್ಞಾನವು ಗಟ್ಟಿಯಾದುದೆಂಬ ಪಿಯಾಜೆಯ ಮತವನ್ನು ಪೇಪರ್ಟನು ಗಣಕಕ್ಕೆ ಅನ್ವಯಿಸಿದನು. ಗಣಕವು ಮಗುವಿಗೆ ಪಾಠ ಹೇಳುವುದಕ್ಕೆ ಬದಲಾಗಿ ಮಗುವೇ ಗಣಕಕ್ಕೆ ಪಾಠ ಹೇಳಬೇಕು ಎಂಬುದು ಅವನ ಸಿದ್ಧಾಂತ. ಗಣಕವೊಂದು ದೊಡ್ಡ ಕೊಠಡಿಯನ್ನು ತುಂಬುತ್ತಿದ್ದ, ಅದರ ಒಂದು ಗಳಿಗೆಯ ಸಮಯಕ್ಕಾಗಿ ಪಂಡಿತರೇ ಸರದಿ ಕಾಯುತ್ತಿದ್ದ ಆ ದಿನಗಳಲ್ಲಿ ಇದು ಹುಚ್ಚು ಮಾತಾಗಿ ಕಂಡುದರಲ್ಲಿ ಆಶ್ಚರ್ಯವಿಲ್ಲ.

ಆರಂಭದ ಲೋಗೋವಿನಲ್ಲಿ ಚಿತ್ರಗಳಿರಲಿಲ್ಲ; ಇದ್ದುದು ಪದಗಳೂ ವಾಕ್ಯಗಳೂ ಮಾತ್ರ. ೧೯೬೮-೬೯ರಲ್ಲಿ ಲೆಕ್ಸಿಂಗ್ಟನ್ ಊರಿನ ಮಝಿ ಶಾಲೆಯ ಏಳನೆಯ ತರಗತಿಯ ಮಕ್ಕಳು ಇದರಿಂದ ಪದಗಳ ಆಟವನ್ನಾಡಿದರು. ಯಂತ್ರವು ತಾನೇ ವಾಕ್ಯಗಳನ್ನು ಜೋಡಿಸುವಂತೆ ಆಜ್ಞೆಗಳನ್ನು ಬರೆದರು. ವ್ಯಾಕರಣವೆಂದರೆ ಬೇಸರಪಡುತ್ತಿದ್ದ ಹುಡುಗಿಯೊಬ್ಬಳು, ಪದಗಳನ್ನು ನಾಮಪದ, ಕ್ರಿಯಾಪದಗಳೆಂದು ಬೇರೆಬೇರೆ ಪಟ್ಟಿಗಳಲ್ಲಿ ಇಡದಿದ್ದರೆ ಯಂತ್ರವು ಅಸಂಬದ್ಧ ವಾಕ್ಯಗಳನ್ನು ಉಸುರುವುದೆಂಬುದನ್ನು ಕಂಡುಕೊಂಡು, ಆ ವಿಭಾಗಗಳ ಪ್ರಯೋಜನವನ್ನು ಮೊತ್ತಮೊದಲು ಮನಗಂಡ ಸಂಗತಿಯನ್ನು ಪೇಪರ್ಟನು ತನ್ನ ಗ್ರಂಥದಲ್ಲಿ ಹೇಳಿದ್ದಾನೆ. ಅದುವರೆಗೆ ಉರುಹಚ್ಚುವ ವಿಷಯವಾಗಿದ್ದ ವ್ಯಾಕರಣವು ಆ ದಿನ ಅವಳಿಗೆ ಉಪಕರಣವಾಯಿತು.

ಆಮೆಯು ಬಂದುದು ಇದಾದಮೇಲೆ. ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ಗ್ರೇ ವಾಲ್ಟರ್ ಎಂಬ ಶಾಸ್ತ್ರಜ್ಞನು ೧೯೪೮-೪೯ರ ವೇಳೆಗೆ ಬೆಳಕನ್ನು ಕಂಡು ಅದರತ್ತ ಸರಿಯುವ ಯಂತ್ರದ ಆಮೆಗಳನ್ನು ಮಾಡಿದ್ದನು. ಆ ಹೆಸರನ್ನೇ ಉಳಿಸಿಕೊಂಡು, ೧೯೭೦ರ ಆಸುಪಾಸಿನಲ್ಲಿ ಪೇಪರ್ಟನ ಬಳಗದವರು, ಹೊಟ್ಟೆಯಡಿಯಲ್ಲಿ ಲೇಖನಿಯನ್ನು ಕಟ್ಟಿಕೊಂಡು ನೆಲದ ಮೇಲೆ ಹರಡಿದ ಕಾಗದದಲ್ಲಿ ಗೆರೆಯೆಳೆಯುತ್ತ ಚಲಿಸುವ ಆಮೆಯೊಂದನ್ನು ಸಿದ್ಧಪಡಿಸಿದರು. ಕಾಲಕ್ರಮದಲ್ಲಿ ಅದು ನೆಲದಿಂದ ಗಣಕದ ತೆರೆಯ ಮೇಲೇರಿತು. ಅದಕ್ಕೆ ಕೊಡುವ ಆಜ್ಞೆಗಳು ಅತ್ಯಲ್ಪ: ಮುಂದೆ ನಡೆ, ಹಿಂದೆ ನಡೆ, ಎಡಕ್ಕೆ ತಿರುಗು, ಬಲಕ್ಕೆ ತಿರುಗು. ನೂರು ಹೆಜ್ಜೆ ಮುಂದೆ ನಡೆದು ತೊಂಬತ್ತು ಅಂಶ ಬಲಕ್ಕೆ ತಿರುಗುವುದನ್ನು ನಾಲ್ಕು ಬಾರಿ ಮಾಡಿದರೆ ಚೌಕ. ಒಂದೊಂದು ಹೆಜ್ಜೆಗೂ ಒಂದೊಂದು ಅಂಶ ತಿರುಗುತ್ತ ೩೬೦ ಬಾರಿ ನಡೆದರೆ ಬರಿಗಣ್ಣಿಗೆ ವೃತ್ತ. ಒಂದು ಸಲ ಸುತ್ತಿ ಹೊರಟಲ್ಲಿಗೇ ಬಂದು ಮೊದಲಿನಂತೆಯೇ ಮುಖಮಾಡಿ ನಿಂತ ಆಮೆಯ ತಿರುವುಗಳನ್ನೆಲ್ಲ ಕೂಡಿದರೆ ೩೬೦ ಅಂಶಗಳಾಗುವುವೆಂಬ ತತ್ತ್ವವನ್ನು ಮಗುವು ಪುಸ್ತಕದಿಂದ ಕಲಿಯಬೇಕಾಗಿಲ್ಲ. ತಾನೇ ಆಮೆಯಾಗಿ ಅಂಗಳವನ್ನು ಒಮ್ಮೆ ಸುತ್ತಿದರೆ ಸಾಕು. ಚಿತ್ರ ತಪ್ಪಿದರೆ ದಂಡನೆಯಿಲ್ಲ. ಆಜ್ಞೆಯಲ್ಲಿ ಎಲ್ಲಿ ತಪ್ಪಿದೆಯೆಂದು ಹುಡುಕಿ ತಿದ್ದುವುದೇ ಪಾಠ. ಇದಲ್ಲದೆ, ಚೌಕವನ್ನು ಎಳೆಯುವ ಕ್ರಮಕ್ಕೆ ಮಗುವು ಒಂದು ಹೆಸರನ್ನಿಟ್ಟರೆ ಅಂದಿನಿಂದ ಆ ಹೆಸರೂ ಭಾಷೆಯ ಒಂದು ಶಬ್ದವಾಗಿಬಿಡುತ್ತದೆ. ಹೀಗೆ ಕಲಿಯುವವನೇ ಭಾಷೆಯನ್ನು ಬೆಳೆಸುವವನೂ ಆಗುತ್ತಾನೆ.

೧೯೮೦ರಲ್ಲಿ ಪೇಪರ್ಟನ ‘ಮೈಂಡ್‌ಸ್ಟಾರ್ಮ್ಸ್’ ಎಂಬ ಗ್ರಂಥವು ಪ್ರಕಟವಾಯಿತು. ಅದೇ ಕಾಲಕ್ಕೆ ಮೇಜಿನ ಮೇಲೆ ಇಡಬಹುದಾದ ಸಣ್ಣ ಗಣಕಗಳು ಶಾಲೆಗಳನ್ನು ಪ್ರವೇಶಿಸಿದುವು. ೧೯೮೧-೮೨ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಮತ್ತು ಆಪಲ್ ಸಂಸ್ಥೆಗಳ ಗಣಕಗಳಿಗೆ ಲೋಗೋ ದೊರೆಯಿತು. ಉಪಾಧ್ಯಾಯರ ಶಿಬಿರಗಳು, ಪಾಠಪುಸ್ತಕಗಳು, ಪತ್ರಿಕೆಗಳು, ಸಮ್ಮೇಲನಗಳು ಅದರ ಸುತ್ತ ಬೆಳೆದುವು. ಫ್ರೆಂಚ್, ಸ್ಪ್ಯಾನಿಷ್ ಮೊದಲಾದ ಭಾಷೆಗಳ ಮಕ್ಕಳು ತಮ್ಮ ನುಡಿಯಲ್ಲಿಯೇ ಆಮೆಯನ್ನು ನಡೆಸಿದರು. ಕೋಸ್ಟಾ ರೀಕಾ ಎಂಬ ಸಣ್ಣ ರಾಷ್ಟ್ರವು ೧೯೮೮ರಿಂದ ತನ್ನ ಪ್ರಾಥಮಿಕ ಶಾಲೆಗಳಲ್ಲಿ ಇದನ್ನು ರಾಷ್ಟ್ರೀಯ ಕಾರ್ಯಕ್ರಮವನ್ನಾಗಿಯೇ ಕೈಕೊಂಡಿತು. ಇಷ್ಟರಲ್ಲಿ ಆಕ್ಷೇಪಣೆಗಳೂ ಹುಟ್ಟದಿರಲಿಲ್ಲ. ನ್ಯೂಯಾರ್ಕಿನ ರಾಯ್ ಪೀ, ಮಿಡಿಯನ್ ಕರ್ಲಂಡ್ ಎಂಬ ಶೋಧಕರು ೧೯೮೪ರಲ್ಲಿ ಪರೀಕ್ಷಿಸಿ, ಲೋಗೋ ಕಲಿತ ಮಕ್ಕಳು ಇತರ ಕೆಲಸಗಳನ್ನು ಯೋಜಿಸುವುದರಲ್ಲಿ ಕಲಿಯದವರಿಗಿಂತ ಮೇಲಾಗಿ ಕಾಣಲಿಲ್ಲವೆಂದು ವರದಿ ಮಾಡಿದರು. ಭಾಷೆಯೊಂದನ್ನು ತರಗತಿಗೆ ತಂದಮಾತ್ರಕ್ಕೆ ಬುದ್ಧಿ ಬೆಳೆಯದು, ಅದರ ಸುತ್ತಲಿನ ಉಪಾಧ್ಯಾಯರೂ ವಾತಾವರಣವೂ ಮುಖ್ಯವೆಂಬುದು ಪೇಪರ್ಟನ ಪ್ರತ್ಯುತ್ತರದ ಸಾರ. ಈ ವಿವಾದದಿಂದ ಒಂದು ಮಾತು ಸ್ಪಷ್ಟವಾಯಿತು: ಆಜ್ಞಾಭಾಷೆಯು ಯಂತ್ರದಲ್ಲಿ ಮಾತ್ರ ಬದುಕಲಾರದು, ಅದಕ್ಕೆ ಆಡುವ ಜನ ಬೇಕು, ಕಲಿಸುವ ಗುರು ಬೇಕು, ತಿದ್ದುವ ಬಳಗ ಬೇಕು.

ಭಾರತದಲ್ಲಿ ಶಾಲೆಗಳಿಗೆ ಗಣಕವನ್ನು ಪರಿಚಯಿಸುವ ಕೇಂದ್ರ ಸರ್ಕಾರದ ಯೋಜನೆಯು ೧೯೮೪ರಲ್ಲಿ ಸುಮಾರು ೨೫೦ ಶಾಲೆಗಳಲ್ಲಿ ಆರಂಭವಾಯಿತು. ಮರುವರ್ಷವೇ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯು ಬೆಂಗಳೂರಿನಲ್ಲಿ ನೆಲೆಯೂರಿತು. ಮುಂದಿನ ಎರಡು ದಶಕಗಳಲ್ಲಿ ಆ ನಗರವು ತಂತ್ರಾಂಶದ ಉದ್ಯಮಕ್ಕಾಗಿ ಲೋಕಪ್ರಸಿದ್ಧವಾಯಿತು. ಆದರೆ ಕನ್ನಡನಾಡಿನ ರಾಜಧಾನಿಯಲ್ಲಿ ನಡೆದ ಈ ಉದ್ಯಮದ ಆಜ್ಞೆಗಳಲ್ಲಿ ಕನ್ನಡದ ಒಂದು ಶಬ್ದವೂ ಇರಲಿಲ್ಲ. ಕನ್ನಡ ಮಾಧ್ಯಮದ ಮಗುವು ಆಜ್ಞೆಯ ಅರ್ಥವನ್ನರಿಯುವ ಮೊದಲೇ ಅದರ ಕಾಗುಣಿತವನ್ನು ಬಾಯಿಪಾಠ ಮಾಡಬೇಕಾಗಿತ್ತು.

ಶಾಸ್ತ್ರವನ್ನು ಕನ್ನಡದಲ್ಲಿ ಹೇಳುವುದು ಈ ನಾಡಿಗೆ ಹೊಸದಲ್ಲ. ಹನ್ನೆರಡನೆಯ ಶತಮಾನದ ರಾಜಾದಿತ್ಯನು ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿ ರಚಿಸಿದನು, ಹದಿಮೂರನೆಯ ಶತಮಾನದ ಕೇಶಿರಾಜನು ವ್ಯಾಕರಣವನ್ನು ಕನ್ನಡ ಸೂತ್ರಗಳಲ್ಲಿಯೇ ಕಟ್ಟಿದನು. ಗಣಕದ ವಿಷಯದಲ್ಲಾದರೋ ಶಾಸ್ತ್ರಕ್ಕಿಂತ ಮೊದಲು ಅಕ್ಷರವೇ ತೊಡಕಾಯಿತು. ಗುಣಿತಾಕ್ಷರ, ಒತ್ತಕ್ಷರಗಳ ಈ ಲಿಪಿಯನ್ನು ಇಂಗ್ಲಿಷಿನ ಕೀಲಿಮಣೆಯ ಕೆಲವೇ ಕೀಲಿಗಳಲ್ಲಿ ಅಡಕಮಾಡುವ ವಿನ್ಯಾಸವನ್ನು ಕೆ. ಪಿ. ರಾವ್ ಅವರು ರೂಪಿಸಿದರು. ೧೯೯೧ರಲ್ಲಿ ಯೂನಿಕೋಡ್ ಎಂಬ ಸಾರ್ವತ್ರಿಕ ಸಂಕೇತಕ್ರಮದ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆಯಿತು. ೧೯೯೮ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂದಿತು. ತರುವಾಯ ಕನ್ನಡ ಗಣಕ ಪರಿಷತ್ತಿನ ‘ನುಡಿ’ಯು ಬಂದಿತು. ಹೀಗೆ ಗಣಕದಲ್ಲಿ ಕನ್ನಡವನ್ನು ಬರೆಯುವುದು ಸಾಧ್ಯವಾಯಿತು. ಆದರೆ ಬರೆಯುವುದು ಬೇರೆ, ಆಜ್ಞಾಪಿಸುವುದು ಬೇರೆ. ಕಾಗದಕ್ಕೆ ಬದಲು ತೆರೆಯ ಮೇಲೆ ಕನ್ನಡ ಮೂಡಿತೇ ಹೊರತು, ಯಂತ್ರವಿನ್ನೂ ಕನ್ನಡದ ಮಾತಿಗೆ ಕಿವಿಗೊಟ್ಟಿರಲಿಲ್ಲ.

ಆ ಹೆಜ್ಜೆಯನ್ನಿಟ್ಟವರು ಯು. ಬಿ. ಪವನಜ ಅವರು. ಮುಂಬಯಿಯ ಭಾಭಾ ಅಣುಶಕ್ತಿ ಸಂಶೋಧನ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದ ಇವರು, ೧೯೯೬ರಲ್ಲಿ ‘ವಿಶ್ವಕನ್ನಡ’ ಎಂಬ ಅಂತರಜಾಲ ಪತ್ರಿಕೆಯನ್ನು ಹೊರಡಿಸಿ ಗಣಕದ ಕನ್ನಡಕ್ಕಾಗಿ ದುಡಿದವರು. ಇವರು ಮಕ್ಕಳಿಗಾಗಿ ಲೋಗೋ ಭಾಷೆಯನ್ನು ಕನ್ನಡಕ್ಕೆ ತಂದರು. ಅದಕ್ಕೆ ೨೦೦೬ರಲ್ಲಿ ಮಂಥನ ಪ್ರಶಸ್ತಿಯು ಸಂದಿತು. ಸಮುದ್ರಮಥನದಲ್ಲಿ ಮಂದರಪರ್ವತವನ್ನು ಬೆನ್ನಮೇಲೆ ಹೊತ್ತುದು ಕೂರ್ಮವೆಂಬುದನ್ನು ನೆನೆದರೆ, ಆಮೆಯ ಭಾಷೆಗೆ ಆ ಹೆಸರಿನ ಬಹುಮಾನವು ಬಂದುದು ಉಚಿತವಾಗಿಯೇ ಇದೆ.

ಈ ಬಗೆಯ ಅನುವಾದವು ಶಬ್ದಕ್ಕೆ ಶಬ್ದವನ್ನಿಡುವಷ್ಟು ಸುಲಭವಲ್ಲ. ಇಂಗ್ಲಿಷಿನ ಲೋಗೋವಿನಲ್ಲಿ ಆಜ್ಞೆ ಮೊದಲು, ಅಳತೆ ಆಮೇಲೆ. ಕನ್ನಡದ ಜಾಯಮಾನವೋ ಇದಕ್ಕೆ ವಿರುದ್ಧ: ‘ನೂರು ಹೆಜ್ಜೆ ಮುಂದೆ ನಡೆ’ ಎಂದು ಕ್ರಿಯೆಯು ಕೊನೆಯಲ್ಲಿ ನಿಲ್ಲುತ್ತದೆ. ಹೊಸ ಕ್ರಮಕ್ಕೆ ಹೆಸರಿಡುವಾಗ ಇಂಗ್ಲಿಷಿನ ‘ಟು’ ಎಂಬ ಅವ್ಯಯವು ಕ್ರಿಯೆಯ ಹಿಂದೆ ಬೇರೆಯಾಗಿ ನಿಂತರೆ, ಕನ್ನಡದಲ್ಲಿ ಆ ಅರ್ಥವನ್ನು ಕೊಡುವ ಪ್ರತ್ಯಯವು ಧಾತುವಿನ ತುದಿಗೆ ಅಂಟಿಕೊಳ್ಳುತ್ತದೆ. ಆದುದರಿಂದ ಶಬ್ದಗಳು ಕನ್ನಡದವಾದರೂ ಅನ್ವಯವು ಪರಕೀಯವಾಗಿ ಉಳಿಯುವ ಅಪಾಯ ಇದ್ದೇ ಇದೆ. ಹೀಗಿದ್ದರೂ ‘ಬಲಕ್ಕೆ’ ಎಂದೊಡನೆ ತನ್ನ ಬಲಗೈಯನ್ನು ನೋಡಿಕೊಳ್ಳುವ ಮಗುವಿಗೆ ಆಗುವ ಲಾಭವು ಅಲ್ಪವೆನ್ನಲಾಗದು. ಆಮೆಯ ರೇಖಾಗಣಿತವು ದೇಹದಿಂದ ಕಲಿಯುವ ಗಣಿತ. ದೇಹದ ಎಡ ಬಲಗಳು ಮಗುವಿಗೆ ಪರಿಚಯವಾಗಿರುವುದು ಮನೆಮಾತಿನಲ್ಲಿಯೇ.

ಮುಂದೆ ಉದ್ಯೋಗಕ್ಕೆ ಹೇಗೂ ಇಂಗ್ಲಿಷ್ ಬೇಕು, ಈ ಶ್ರಮವೇಕೆ ಎಂದು ಕೇಳುವವರುಂಟು. ಇಂಗ್ಲಿಷ್ ಬೇಡವೆಂಬುದು ಇಲ್ಲಿಯ ವಾದವಲ್ಲ. ಮೊದಲು ವಿಚಾರವು ಕೈವಶವಾದರೆ ಆಮೇಲೆ ಅದರ ಪರಭಾಷೆಯ ಹೆಸರನ್ನು ಕಲಿಯುವುದು ಕೆಲವು ದಿನಗಳ ಕೆಲಸ. ಹೆಸರೇ ಮೊದಲು ಬಂದು ವಿಚಾರವು ದೂರ ಉಳಿದರೆ ಎಷ್ಟೋ ಮಕ್ಕಳು ಹೊಸ್ತಿಲಲ್ಲಿಯೇ ನಿಲ್ಲುತ್ತಾರೆ. ಮಗ್ಗಿಯನ್ನು ಕನ್ನಡದಲ್ಲಿ ಕಲಿತವರು ಮುಂದೆ ಉನ್ನತ ಗಣಿತದಲ್ಲಿ ಹಿಂದೆ ಬಿದ್ದರೆಂದು ಯಾರೂ ಹೇಳಲಾರರು.

ಪೇಪರ್ಟನು ೨೦೧೬ರಲ್ಲಿ ತೀರಿಕೊಂಡನು. ಅವನ ಭಾಷೆಯ ಸಂತತಿಯು ಬೆಳೆಯುತ್ತಲೇ ಇದೆ. ೧೯೯೮ರಲ್ಲಿ ಲೆಗೋ ಸಂಸ್ಥೆಯು ಹೊರತಂದ ಯಂತ್ರದ ಆಟಿಕೆಗಳಿಗೆ ಅವನ ಗ್ರಂಥದ ಹೆಸರನ್ನೇ ಇಡಲಾಯಿತು. ೨೦೦೭ರಲ್ಲಿ ಮಸಾಚುಸೆಟ್ಸಿನ ವಿದ್ಯಾಸಂಸ್ಥೆಯಿಂದ, ಅವನ ದಾರಿಯಲ್ಲಿಯೇ ನಡೆದ ಮಿಚೆಲ್ ರೆಸ್ನಿಕನ ಬಳಗವು ‘ಸ್ಕ್ರ್ಯಾಚ್’ ಎಂಬ ಹೊಸ ಭಾಷೆಯನ್ನು ಕೊಟ್ಟಿತು. ಇಂದು ಎಲ್ಲೆಡೆ ಬಳಕೆಯಲ್ಲಿರುವ ಪೈಥಾನ್ ಭಾಷೆಯ ಒಂದು ಮೂಲೆಯಲ್ಲಿಯೂ ಆ ಹಳೆಯ ಆಮೆಯು ಹರಿದಾಡುತ್ತಿದೆ. ಬರ್ಕ್‌ಲಿಯ ಬ್ರಯನ್ ಹಾರ್ವಿಯಂಥವರು ಲೋಗೋವಿನ ಮೂಲಪಾಠವನ್ನು ಯಾರು ಬೇಕಾದರೂ ನೋಡಿ ತಿದ್ದುವಂತೆ ತೆರೆದಿಟ್ಟಿರುವುದರಿಂದ, ಅದನ್ನು ತಮ್ಮ ನುಡಿಗೆ ಒಗ್ಗಿಸಿಕೊಳ್ಳಲು ಯಾರ ಅಪ್ಪಣೆಯನ್ನೂ ಬೇಡಬೇಕಾಗಿಲ್ಲ. ಉಳಿದಿರುವುದು ಪಾಠಪುಸ್ತಕ, ಉಪಾಧ್ಯಾಯ, ಮತ್ತು ಸಂಜೆಯ ಒಂದು ಗಂಟೆ. ಬೆಳಗ್ಗೆ ಅಂಗಳದಲ್ಲಿ ರಂಗವಲ್ಲಿಯನ್ನಿಟ್ಟ ಬಾಗೂರಿನ ಹುಡುಗಿಯು, ಸಂಜೆ ಅದೇ ಚಿತ್ರವನ್ನು ತನ್ನ ಮಾತಿನಲ್ಲಿಯೇ ಆಮೆಗೆ ಹೇಳಿಕೊಡುವ ದಿನ ಬಂದರೆ, ತಾಯಿ ಕಲಿಸಿದ ವಿದ್ಯೆಗೂ ಶಾಲೆ ಕಲಿಸುವ ವಿದ್ಯೆಗೂ ನಡುವೆ ಇರುವ ಗೋಡೆಯು ತಾನಾಗಿಯೇ ಬಿದ್ದುಹೋದೀತು.