ಉಮೇದುವಾರಿಯಿಂದ ಶಿಷ್ಯವೇತನಕ್ಕೆ

‘ಉಮೇದುವಾರ’ ಎಂಬ ಶಬ್ದವನ್ನು ಈಗ ನಾವು ಹೆಚ್ಚಾಗಿ ಚುನಾವಣೆಯ ಕಾಲದಲ್ಲಿ ಕೇಳುತ್ತೇವೆ. ಪಾರಸಿಯಿಂದ ಬಂದ ಈ ಮಾತಿಗೆ ಆಸೆಯಿಂದ ಕಾದಿರುವವನು ಎಂದು ಅರ್ಥ. ಹಿಂದಿನ ಕಚೇರಿಗಳಲ್ಲಿ ಅದಕ್ಕೆ ಬೇರೊಂದು ಬಳಕೆಯಿತ್ತು. ಸಂಬಳವಿಲ್ಲದೆ ಗುಮಾಸ್ತರ ಪಕ್ಕದಲ್ಲಿ ಕುಳಿತು, ಕಾಗದಗಳನ್ನು ನಕಲು ಮಾಡಿ, ಲೆಕ್ಕಪತ್ರದ ಮರ್ಮವನ್ನು ಕಲಿತು, ಎಂದಾದರೊಂದು ದಿನ ಜಾಗ ತೆರವಾದೀತೆಂದು ಕಾಯುತ್ತಿದ್ದ ತರುಣನೇ ಉಮೇದುವಾರ. ಆಸೆಯೇ ಅವನ ಸಂಬಳ. ಆದರೆ ಆಸೆಯನ್ನು ಬೇಯಿಸಿ ಉಣ್ಣುವಂತಿಲ್ಲವಷ್ಟೆ. ಆದುದರಿಂದ ಮನೆಯಲ್ಲಿ ಗದ್ದೆಯೋ ತೋಟವೋ ಇದ್ದವನಿಗೆ ಮಾತ್ರ ಉಮೇದುವಾರಿ ಸಾಧ್ಯವಾಗುತ್ತಿತ್ತು. ಕಚೇರಿಯ ಬಾಗಿಲು ಎಲ್ಲರಿಗೂ ತೆರೆದಿದ್ದಿತು, ನಿಜ. ಹೊಸ್ತಿಲಲ್ಲಿ ಎರಡು ವರ್ಷ ಹಸಿದಿರಬಲ್ಲವರು ಮಾತ್ರ ಒಳಗೆ ಹೋಗುತ್ತಿದ್ದರು.

ಕೆಲಸ ಮಾಡುತ್ತ ಕಲಿಯುವವನಿಗೆ ಏನನ್ನು ಕೊಡಬೇಕು, ಏತಕ್ಕಾಗಿ ಕೊಡಬೇಕು ಎಂಬ ಪ್ರಶ್ನೆಯನ್ನು ಈ ಹೊತ್ತು ವಿಚಾರ ಮಾಡೋಣ. ಉದಾಹರಣೆಗೆ ಉತ್ತರ ಕನ್ನಡದ ಕರಾವಳಿಯ ಭಟ್ಕಳ, ಹೊನ್ನಾವರ, ಕುಮಟಾ ಈ ಮೂರು ಊರುಗಳನ್ನು ತೆಗೆದುಕೊಳ್ಳಬಹುದು. ಕಲಿಕೆಯ ಹಲವು ಹಳೆಯ ಪದ್ಧತಿಗಳು ಇಲ್ಲಿ ಹತ್ತಿರ ಹತ್ತಿರದಲ್ಲಿಯೇ ಕಾಣಸಿಗುತ್ತವೆ.

ಹೊನ್ನಾವರ, ಕುಮಟಾ ಸೀಮೆಯ ಗುಡಿಗಾರರನ್ನು ಮೊದಲು ನೋಡೋಣ. ಶ್ರೀಗಂಧದ ಕೆತ್ತನೆಗೂ ಬೆಂಡಿನ ಬಾಸಿಂಗಕ್ಕೂ ಇವರು ಹೆಸರಾದವರು. ಇಲ್ಲಿ ಗುರುವೆಂದರೆ ತಂದೆ, ಇಲ್ಲವೆ ದೊಡ್ಡಪ್ಪ. ಶಾಲೆಯೆಂದರೆ ಮನೆಯ ಜಗಲಿ. ಬೆಲೆಬಾಳುವ ಗಂಧದ ತುಂಡಿನ ಮೇಲೆ ಹುಡುಗನ ಉಳಿ ತಪ್ಪಿದರೆ ನಷ್ಟವಾಗುವುದು ಮನೆಗೇ. ಅವನ ಕೈ ಪಳಗಿದರೆ ಲಾಭವೂ ಮನೆಗೇ. ಅನ್ನ ಒಂದೇ ಒಲೆಯದಾದ್ದರಿಂದ ವೇತನದ ಮಾತು ಹುಟ್ಟುತ್ತಿರಲಿಲ್ಲ. ಆದರೆ ಆ ಮನೆಯಲ್ಲಿ ಹುಟ್ಟದವನಿಗೆ ಆ ವಿದ್ಯೆಯ ದಾರಿಯೂ ಸುಲಭವಾಗಿರಲಿಲ್ಲ. ಹಳೆಯ ವರ್ತಕ ಜನರಾದ ಭಟ್ಕಳದ ನವಾಯತರ ಅಂಗಡಿಗಳಲ್ಲಿಯೂ ಮಕ್ಕಳು, ಸೋದರಳಿಯಂದಿರು ಹಿರಿಯರ ಪಕ್ಕದಲ್ಲಿ ಕುಳಿತೇ ವ್ಯಾಪಾರ ಕಲಿತರು.

ಯಕ್ಷಗಾನದ ಮೇಳದಲ್ಲಿ ಇನ್ನೊಂದು ಕ್ರಮ. ಹುಡುಗನು ಮೊದಲು ಕೋಡಂಗಿಯಾಗಿ, ಬಳಿಕ ಬಾಲಗೋಪಾಲನಾಗಿ ರಂಗಕ್ಕೆ ಬಂದು, ಸ್ತ್ರೀವೇಷಗಳನ್ನು ದಾಟಿ, ವರ್ಷಗಳ ತರುವಾಯ ದೊಡ್ಡ ವೇಷಕ್ಕೆ ಏರಬೇಕು. ಕಲಿಕೆಯೂ ದುಡಿಮೆಯೂ ಇಲ್ಲಿ ಒಂದೇ ರಾತ್ರಿಯಲ್ಲಿ, ಒಂದೇ ರಂಗದ ಮೇಲೆ ನಡೆಯುತ್ತವೆ. ಕಲಿಯುವವನ ದುಡಿಮೆಗೂ ಬೆಲೆಯಿದೆಯೆಂಬುದನ್ನು ಈ ಮೆಟ್ಟಿಲುಗಳೇ ಹೇಳುತ್ತವೆ. ಕೋಡಂಗಿಯಿಲ್ಲದೆ ಸಾಂಪ್ರದಾಯಿಕ ಆಟ ಮೊದಲಾಗುತ್ತಿರಲಿಲ್ಲ. ಹೊನ್ನಾವರ ತಾಲೂಕಿನ ಗುಣವಂತೆಯಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮೇಳವನ್ನು ಕಟ್ಟಿದರು. ಅವರ ಮಗ ಶಂಭು ಹೆಗಡೆಯವರು 1986ರಲ್ಲಿ ಶ್ರೀಮಯ ಕಲಾಕೇಂದ್ರವನ್ನು ತೆರೆದು, ಮೇಳದೊಳಗಿನ ಕಲಿಕೆಗೆ ಶಾಲೆಯ ರೂಪ ಕೊಟ್ಟರು.

ಇನ್ನು ಶಾಸನದ ಕಡೆಗೆ ತಿರುಗೋಣ. ಇಂಗ್ಲೆಂಡಿನಲ್ಲಿ 1563ರ ಕಾನೂನು ಕಸಬಿಗೆ ಏಳು ವರ್ಷಗಳ ಶಿಷ್ಯವೃತ್ತಿಯನ್ನು ಕಡ್ಡಾಯಗೊಳಿಸಿತ್ತು. 1814ರಲ್ಲಿ ಆ ಕಟ್ಟು ಸಡಿಲವಾಯಿತು. ಆದರೂ ಏಳು ವರ್ಷಗಳ ಅವಧಿಯು ಕಡಲು ದಾಟಿ ಕಂಪೆನಿ ಸರಕಾರದ 1850ರ 19ನೆಯ ಶಾಸನದಲ್ಲಿ ಬಂದು ನಿಂತಿತು. ಆಗ ಕನ್ನಡ ಜಿಲ್ಲೆಯು ಮದರಾಸು ಆಧಿಪತ್ಯದಲ್ಲಿದ್ದಿತು. ಅದರ ಉತ್ತರ ಭಾಗವು ಮುಂಬಯಿಗೆ ಸೇರಿದ್ದು 1862ರಲ್ಲಿ. ಹತ್ತರಿಂದ ಹದಿನೆಂಟರೊಳಗಿನ ಮಕ್ಕಳನ್ನು, ವಿಶೇಷವಾಗಿ ಅನಾಥರನ್ನೂ ಬಡವರನ್ನೂ, ಕಸಬು ಕಲಿಯಲು ಒಡೆಯನ ಬಳಿ ಕರಾರಿನ ಮೇಲೆ ಬಿಡಲು ಈ ಶಾಸನ ಅವಕಾಶ ಕೊಟ್ಟಿತು. ಕರಾರು ಏಳು ವರ್ಷಗಳನ್ನು ಮೀರಕೂಡದು. ಒಡೆಯನು ಶಿಷ್ಯನ ಯೋಗಕ್ಷೇಮ ನೋಡಿಕೊಂಡು ವಿದ್ಯೆಯನ್ನೂ ಕಲಿಸಬೇಕು. ತಪ್ಪಿದರೆ ಮ್ಯಾಜಿಸ್ಟ್ರೇಟರಲ್ಲಿ ದೂರು ಕೊಡಬಹುದು. ಉಮೇದುವಾರನ ಬರಿಯ ಆಸೆಗೆ ಹೋಲಿಸಿದರೆ ಇದು ಒಂದು ಮೆಟ್ಟಿಲು ಮೇಲು; ಪಾಲನೆಯು ಕೃಪೆಯಾಗಿ ಉಳಿಯದೆ ಕರಾರಾಯಿತು.

ಸ್ವತಂತ್ರ ಭಾರತದಲ್ಲಿ 1961ರ ಶಿಶಿಕ್ಷು ಅಧಿನಿಯಮವು ಆ ಹಳೆಯ ಶಾಸನವನ್ನು ತೆಗೆದುಹಾಕಿತು. ಅಷ್ಟರಲ್ಲಿ, 1956ರ ನವೆಂಬರಿನಲ್ಲಿ, ಈ ಮೂರು ಊರುಗಳು ವಿಶಾಲ ಮೈಸೂರಿಗೆ ಸೇರಿದ್ದವು. ಹೊಸ ಕಾನೂನು ಶಿಷ್ಯನಿಗೆ ನಗದು ವೇತನದ ಹಕ್ಕನ್ನು ಕೊಟ್ಟಿತು. ಮಾಡಿದ ತುಂಡುಗಳನ್ನು ಎಣಿಸಿ ಕೂಲಿ ಕೊಡುವ ಕ್ರಮವನ್ನು ಅವನ ಮಟ್ಟಿಗೆ ನಿಷೇಧಿಸಿತು. ಇದರಲ್ಲಿ ವಿವೇಕವಿದೆ, ತುಂಡಿನ ಲೆಕ್ಕಕ್ಕೆ ಬಿದ್ದವನು ಬೇಗ ಮಾಡುವುದನ್ನು ಕಲಿಯುವನೇ ಹೊರತು ಚೆನ್ನಾಗಿ ಮಾಡುವುದನ್ನು ಕಲಿಯಲಾರನು. ಗಾಯವಾದರೆ ಪರಿಹಾರವೂ ಉಂಟು. ಆದರೆ ಅದೇ ಕಾನೂನಿನ 18ನೆಯ ಕಲಮು ಶಿಷ್ಯನು ಕೆಲಸಗಾರನಲ್ಲ, ಕಾರ್ಮಿಕ ಕಾನೂನುಗಳು ಅವನಿಗೆ ಅನ್ವಯಿಸುವುದಿಲ್ಲ ಎಂದು ಹೇಳುತ್ತದೆ. ಹೀಗೆ ಅವನು ಇತ್ತ ಕಾರ್ಮಿಕನೂ ಅಲ್ಲ, ಅತ್ತ ಕೇವಲ ವಿದ್ಯಾರ್ಥಿಯೂ ಅಲ್ಲ. ಆಳುವವರು ಎಷ್ಟು ಅಳೆದರೆ ಅಷ್ಟೇ ಅವನ ಪಡಿ.

ಆ ಅಳತೆಯ ಇತಿಹಾಸವನ್ನು ಗಮನಿಸಬೇಕು. 2014ರ ನಿಯಮವು ಕಸಬು ಕಲಿಯುವವನಿಗೆ ಅರೆಕುಶಲ ಕೆಲಸಗಾರನ ಕನಿಷ್ಠ ಕೂಲಿಯಲ್ಲಿ ಮೊದಲನೆಯ ವರ್ಷ ಶೇಕಡಾ 70, ಎರಡನೆಯ ವರ್ಷ 80, ಮೂರನೆಯ ವರ್ಷ 90 ಎಂದು ಗೊತ್ತುಮಾಡಿತು. ಮೇಳದ ಮೆಟ್ಟಿಲುಗಳಂತೆ ಇದೂ ಏರುವ ಕ್ರಮ. ಕೂಲಿ ಏರಿದರೆ ಶಿಷ್ಯನ ಪಾಲೂ ತಾನಾಗಿ ಏರುತ್ತಿತ್ತು. 2019ರಲ್ಲಿ ಆ ನಂಟನ್ನು ಕಡಿದು, ವಿದ್ಯಾರ್ಹತೆಗೆ ತಕ್ಕಂತೆ ತಿಂಗಳಿಗೆ 5,000ದಿಂದ 9,000 ರೂಪಾಯಿಗಳವರೆಗೆ ಕನಿಷ್ಠ ಮೊತ್ತವನ್ನು ನಿಲ್ಲಿಸಿದರು. ಲೆಕ್ಕ ಸುಲಭವಾಯಿತು, ಸರಿ. ಆದರೆ ನಿಲ್ಲಿಸಿದ ರೂಪಾಯಿ ನಿಂತಲ್ಲೇ ಇರುತ್ತದೆ, ಅಕ್ಕಿಯ ಕ್ರಯ ನಿಲ್ಲುವುದಿಲ್ಲ. 2025ರ ಮೇ ತಿಂಗಳಲ್ಲಿ ಕೇಂದ್ರದ ಶಿಶಿಕ್ಷು ಮಂಡಲಿಯೇ ಅದನ್ನು ಶೇಕಡಾ 36ರಷ್ಟು ಏರಿಸಬೇಕೆಂದು ಶಿಫಾರಸು ಮಾಡಿತು. ಆರು ವರ್ಷಗಳಲ್ಲಿ ಪಡಿ ಎಷ್ಟು ಕುಗ್ಗಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಒಡೆಯರ ವಾದವನ್ನೂ ಕೇಳೋಣ. ಕಲಿಯುವವನು ಸಾಮಾನು ಕೆಡಿಸುತ್ತಾನೆ, ಹಿರಿಯ ಕೆಲಸಗಾರನ ಹೊತ್ತನ್ನು ತೆಗೆದುಕೊಳ್ಳುತ್ತಾನೆ, ಕಲಿತಮೇಲೆ ಬೇರೆ ಕಡೆ ಹೋಗುತ್ತಾನೆ. ಇದು ಸುಳ್ಳಲ್ಲ. ಆ ಭಾರವನ್ನು ಹಂಚಿಕೊಳ್ಳಲೆಂದೇ 2016ರ ಯೋಜನೆಯಲ್ಲಿ ಸರಕಾರವು ವೇತನದ ಕಾಲುಭಾಗವನ್ನು, 1,500 ರೂಪಾಯಿಗಳ ಮಿತಿಯಲ್ಲಿ, ತಾನು ಭರಿಸಲು ಒಪ್ಪಿತು. ಗುಡಿಗಾರರ ಮನೆಯಲ್ಲಿ ಕುಲವು ಹೊತ್ತ ಭಾರವನ್ನು ಇಲ್ಲಿ ಸಮಾಜ ಹೊರಬೇಕಾಗಿದೆ.

ಕಾಲೇಜಿನ ಹುಡುಗನಿಗೆ ವಿದ್ಯಾರ್ಥಿವೇತನ ದೊರೆತರೆ ನಾವು ಓದಿದವರು ಅದನ್ನು ಮರ್ಯಾದೆಯೆಂದು ಎಣಿಸುತ್ತೇವೆ. ಉಳಿ ಹಿಡಿದವನಿಗೆ, ಯಂತ್ರದ ಮುಂದೆ ನಿಂತವನಿಗೆ ಕೊಟ್ಟದ್ದನ್ನು ಮಾತ್ರ ಖರ್ಚಿನ ಬಾಬಿಗೆ ಬರೆಯುತ್ತೇವೆ. ಭಟ್ಕಳದ ಬಡವರ ಮಗನೊಬ್ಬನು ಕಲಿಯಲೆಂದು ಕಾರವಾರಕ್ಕೋ ಮಂಗಳೂರಿಗೋ ಹೋದರೆ ಮೊದಲು ತೆರಬೇಕಾದದ್ದು ಕೋಣೆಯ ಬಾಡಿಗೆ. ಶಿಷ್ಯವೇತನವು ಆ ಬಾಡಿಗೆಗೂ ಎರಡು ಹೊತ್ತಿನ ಊಟಕ್ಕೂ ಸಾಲದೆ ಹೋದರೆ ಅವನು ಮನೆಗೆ ಮರಳುತ್ತಾನೆ, ಆ ಜಾಗಕ್ಕೆ ಉಳ್ಳವರ ಮಗನು ಬರುತ್ತಾನೆ. ಆಗ ಕಾನೂನಿನ ಹೆಸರು ಏನೇ ಇರಲಿ, ನಡೆಯುವುದು ಹಳೆಯ ಉಮೇದುವಾರಿಯೇ.